ಸೋದರಶೋಕ ಮತ್ತು ಶಾಸ್ತ್ರೋಕ್ತ ಸಾಂತ್ವನ

ಮನೆಯ ವಯೋವೃದ್ಧರು ಕಾಲವಾದಾಗ ದುಃಖವಾಗುವುದು ಸಹಜ. ಆದರೂ ತಂದೆತಾಯಿಗಳು ನಮಗಿಂತ ಮೊದಲು ತೆರಳುವರೆಂಬುದನ್ನು ಬುದ್ಧಿಯು ಎಂದೋ ಒಪ್ಪಿಕೊಂಡಿರುವುದರಿಂದ ಮನಸ್ಸು ಕ್ರಮೇಣ ಸಮಾಧಾನ ಹೊಂದುತ್ತದೆ. ಒಂದೇ ತೊಟ್ಟಿಲಲ್ಲಿ ಮಲಗಿ, ಒಂದೇ ಪಂಕ್ತಿಯಲ್ಲಿ ಕುಳಿತು ಉಂಡು, ಒಂದೇ ಚಾಪೆಯ ಮೇಲೆ ಪಾಠ ಓದಿ ಬೆಳೆದ ಅಣ್ಣನೋ ತಮ್ಮನೋ ಅಕ್ಕನೋ ತಂಗಿಯೋ ಅಕಸ್ಮಾತ್ತಾಗಿ ಅಗಲಿದರೆ ಹಾಗಾಗುವುದಿಲ್ಲ. ನಿನ್ನೆ ರಾತ್ರಿ ಮಾತನಾಡಿದವರು ಇಂದು ಬೆಳಗ್ಗೆ ಇಲ್ಲವೆಂಬ ವಾರ್ತೆಯನ್ನು ಕಿವಿ ಕೇಳಿದರೂ ಮನಸ್ಸು ಬಹುದಿನಗಳವರೆಗೆ ನಂಬುವುದಿಲ್ಲ. ನಮ್ಮ ಬಾಲ್ಯಕ್ಕೆ ಸಾಕ್ಷಿಯಾಗಿದ್ದವರು ಹೋದರೆ ಬಾಲ್ಯದ ಅರ್ಧಭಾಗವೇ ಹೋದಂತೆ ತೋರುತ್ತದೆ.

ಈ ಶೋಕಕ್ಕೆ ಇನ್ನೊಂದು ವಿಶೇಷವುಂಟು. ಇದನ್ನು ವಿಚಾರಿಸುವವರು ಕಡಿಮೆ. ಅಣ್ಣನು ತೀರಿಕೊಂಡ ಮನೆಗೆ ಬಂದ ಬಂಧುಗಳು ಮೊದಲು ತಾಯಿಯ ಬಳಿ ಕುಳಿತುಕೊಳ್ಳುತ್ತಾರೆ. ಬಳಿಕ ಅವನ ಪತ್ನಿಯನ್ನೂ ಮಕ್ಕಳನ್ನೂ ಕಾಣುತ್ತಾರೆ. ಇದು ಯುಕ್ತವೇ ಸರಿ. ಆಮೇಲೆ ಬಾಗಿಲ ಬಳಿ ನಿಂತಿರುವ ತಮ್ಮನ ಭುಜವನ್ನು ಮುಟ್ಟಿ, "ಧೈರ್ಯವಾಗಿರಪ್ಪ, ಅಮ್ಮನನ್ನು ನೋಡಿಕೋ, ಅತ್ತಿಗೆಯನ್ನು ನೋಡಿಕೋ" ಎಂದು ಹೇಳಿ ಹೊರಡುತ್ತಾರೆ. ಅವನನ್ನು ಯಾರು ನೋಡಿಕೊಳ್ಳಬೇಕೆಂಬುದು ಯಾರಿಗೂ ಹೊಳೆಯುವುದಿಲ್ಲ. ವಿವಾಹಿತಳಾದ ಸೋದರಿಯ ಸ್ಥಿತಿಯು ಇನ್ನೂ ಕಷ್ಟ. ಗೋತ್ರಾಂತರವಾದ ಕಾರಣ ಅವಳಿಗೆ ಅಶೌಚದ ದಿನಗಳು ಕಡಿಮೆ. ಅಶೌಚ ಮುಗಿದೊಡನೆ ದುಃಖವೂ ಮುಗಿಯಿತೆಂದು ಅವಳ ಅತ್ತೆಯ ಮನೆಯವರು ತಿಳಿಯುತ್ತಾರೆ. ದೂರದೇಶದಲ್ಲಿರುವವರು ದೂರವಾಣಿಯ ಪರದೆಯಲ್ಲಿಯೇ ಅಂತ್ಯದರ್ಶನವನ್ನು ಪಡೆದು, ಮರುದಿನ ಉದ್ಯೋಗಕ್ಕೆ ಹೋಗಬೇಕಾಗುತ್ತದೆ.

ನಮ್ಮ ಇತಿಹಾಸ ಪುರಾಣಗಳು ಈ ಶೋಕವನ್ನು ಮರೆತಿಲ್ಲ. ಅದರ ಬಗೆಗಳನ್ನೂ, ಅದು ತಪ್ಪು ದಾರಿಗೆ ಹೋಗುವ ರೀತಿಯನ್ನೂ, ಅದಕ್ಕೆ ಹಿರಿಯರು ಮಾಡಿದ ಉಪಚಾರವನ್ನೂ ವಿಶದವಾಗಿ ಹೇಳಿವೆ. ಅವುಗಳಲ್ಲಿ ಮೂರು ಪ್ರಸಂಗಗಳನ್ನು ಇಲ್ಲಿ ಪರಿಶೀಲಿಸಿ, ನಮ್ಮ ಮನೆಗಳಲ್ಲಿ ನಾವು ಆಚರಿಸಬಹುದಾದುದನ್ನು ತಿಳಿಯೋಣ.

ಧರ್ಮರಾಜನ ದುಃಖ

ಮಹಾಭಾರತದ 11ನೆಯದಾದ ಸ್ತ್ರೀಪರ್ವದ ಕೊನೆಯಲ್ಲಿ, ಯುದ್ಧದಲ್ಲಿ ಮಡಿದವರಿಗೆ ಗಂಗಾತೀರದಲ್ಲಿ ಜಲದಾನ ನಡೆಯುತ್ತಿರುತ್ತದೆ. ಆಗ ಕುಂತಿಯು ಪುತ್ರರನ್ನು ಕರೆದು, ಕರ್ಣನಿಗೂ ಉದಕವನ್ನು ಕೊಡಿರಿ, ಅವನು ನಿಮ್ಮ ಹಿರಿಯಣ್ಣನು ಎಂದು ತಿಳಿಸುತ್ತಾಳೆ. ಯಾವನನ್ನು ಶತ್ರುವೆಂದು ತಿಳಿದಿದ್ದರೋ ಅವನೇ ಒಡಹುಟ್ಟಿದವನೆಂಬುದು ಅವನು ಸತ್ತ ಮೇಲೆ ತಿಳಿಯಿತು. ಅಭಿಮನ್ಯುವಿನ ಮತ್ತು ದ್ರೌಪದೀಪುತ್ರರ ಮರಣಕ್ಕಿಂತಲೂ ಇದು ನೂರುಪಾಲು ಹೆಚ್ಚಿನ ದುಃಖವೆಂದು ಯುಧಿಷ್ಠಿರನು ಹೇಳಿಕೊಂಡನು. ಕರ್ಣನ ಪತ್ನಿಯರನ್ನು ಕರೆಸಿ, ಅವರೊಡನೆ ಕುಳಿತು ಅಣ್ಣನಿಗೆ ಜಲದಾನವನ್ನು ಮಾಡಿದನು.

ಕರ್ಮವು ಮುಗಿದರೂ ಶೋಕವು ಮುಗಿಯಲಿಲ್ಲ. ಶಾಂತಿಪರ್ವದ ಆರಂಭದಲ್ಲಿ ಪಾಂಡವರು ಪಟ್ಟಣದ ಹೊರಗೆ ಗಂಗಾತೀರದಲ್ಲಿ ಒಂದು ತಿಂಗಳು ಇರುತ್ತಾರೆ. ಅಲ್ಲಿಗೆ ನಾರದಾದಿ ಋಷಿಗಳು ಬರುತ್ತಾರೆ. ರಾಜ್ಯ ದೊರೆಯಿತಲ್ಲಾ, ಸಂತೋಷವೇ ಎಂದು ನಾರದರು ಕೇಳಿದಾಗ ಯುಧಿಷ್ಠಿರನು ಗೆಲವು ತನಗೆ ಸೋಲಿನಂತೆ ಕಾಣುತ್ತಿದೆಯೆಂದು ಹೇಳಿ, ಒಂದು ಸಣ್ಣ ಸಂಗತಿಯನ್ನು ನೆನೆಯುತ್ತಾನೆ. ದ್ಯೂತಸಭೆಯಲ್ಲಿ ಕರ್ಣನ ಕಟುವಾಕ್ಯಗಳನ್ನು ಕೇಳಿ ಕೋಪ ಉಕ್ಕಿದಾಗಲೆಲ್ಲ, ಅವನ ಪಾದಗಳನ್ನು ನೋಡಿದೊಡನೆ ಆ ಕೋಪವು ಇಳಿದುಹೋಗುತ್ತಿತ್ತಂತೆ. ಆ ಪಾದಗಳು ತಾಯಿ ಕುಂತಿಯ ಪಾದಗಳಂತೆ ಇದ್ದವು. ಹೀಗೇಕೆಂದು ಎಷ್ಟು ಯೋಚಿಸಿದರೂ ಅವನಿಗೆ ಅಂದು ಕಾರಣ ತಿಳಿದಿರಲಿಲ್ಲ.

ಸೋದರನನ್ನು ಕಳೆದುಕೊಂಡವರಿಗೆ ಈ ಮಾತಿನ ಸತ್ಯವು ಅನುಭವವೇದ್ಯ. ಅವರಿಗೆ ನೆನಪಾಗುವುದು ಅಗಲಿದವನ ಪದವಿಯಲ್ಲ, ಸಾಧನೆಯಲ್ಲ. ಅವನ ನಡಿಗೆ, ಕೆಮ್ಮುವ ರೀತಿ, ಅಮ್ಮನಂತೆಯೇ ಇದ್ದ ಕೈಬೆರಳುಗಳು. ಅಂಥ ನೆನಪುಗಳನ್ನು ಹೇಳಿಕೊಳ್ಳಲು ಕೇಳುವವರು ಬೇಕು. ಧರ್ಮರಾಜನಿಗೆ ನಾರದರು ದೊರೆತರು. ನಾರದರು ಮಾಡಿದ ಮೊದಲ ಉಪಚಾರವನ್ನು ಗಮನಿಸಬೇಕು. ದೇಹವು ಅನಿತ್ಯ, ಅಳಬೇಡ ಎಂಬ ಉಪದೇಶದಿಂದ ಅವರು ತೊಡಗಲಿಲ್ಲ. ಕರ್ಣನ ಕಥೆಯನ್ನು ಆರಂಭಿಸಿ, ಅವನು ಪರಶುರಾಮರಲ್ಲಿ ಅಸ್ತ್ರವಿದ್ಯೆಯನ್ನು ಕಲಿತದ್ದು, ಶಾಪಗಳನ್ನು ಪಡೆದದ್ದು, ಕೊನೆಗೆ ರಣರಂಗದಲ್ಲಿ ಮಡಿದದ್ದು, ಎಲ್ಲವನ್ನೂ ಕ್ರಮವಾಗಿ ಹೇಳಿದರು. ತಾನರಿಯದ ಅಣ್ಣನನ್ನು ಯುಧಿಷ್ಠಿರನು ಅವರ ಬಾಯಿಂದ ಅರಿತನು. ತತ್ತ್ವೋಪದೇಶವೂ ರಾಜಧರ್ಮದ ಬೋಧೆಯೂ ಆಮೇಲೆ ಬಂದವು.

ಎರಡು ವಿಷಯಗಳನ್ನು ಇಲ್ಲಿಯೇ ಹೇಳಬೇಕು. ಧರ್ಮಸ್ವರೂಪಿಯಾದ ಯುಧಿಷ್ಠಿರನೂ ಆ ದುಃಖದ ಭರದಲ್ಲಿ ತಾಯಿಯ ಮೇಲೆ ಕೋಪಗೊಂಡು, ಸ್ತ್ರೀಯರ ಮನಸ್ಸಿನಲ್ಲಿ ರಹಸ್ಯ ನಿಲ್ಲದಿರಲಿ ಎಂದು ಶಪಿಸಿದನು. ಅಕಾಲಮರಣದ ದುಃಖವು ದೂಷಿಸಲು ಯಾರನ್ನಾದರೂ ಹುಡುಕುತ್ತದೆ. ವೈದ್ಯನನ್ನೋ, ವಾಹನ ನಡೆಸಿದವನನ್ನೋ, ಅತ್ತಿಗೆಯನ್ನೋ. ಆ ದಿನಗಳಲ್ಲಿ ಆಡಿದ ಕಠಿಣ ಮಾತುಗಳನ್ನು ಮನೆಯವರು ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಎರಡನೆಯದಾಗಿ, ಭೀಷ್ಮಾಚಾರ್ಯರಿಂದ ಅಷ್ಟೆಲ್ಲ ಧರ್ಮಗಳನ್ನು ಕೇಳಿದ ಮೇಲೆಯೂ, ಅವರಿಗೆ ಉದಕವನ್ನು ಕೊಟ್ಟು ಮೇಲೆ ಬರುವಾಗ ಯುಧಿಷ್ಠಿರನು ಗಂಗಾತೀರದಲ್ಲಿ ಮತ್ತೆ ಕುಸಿದು ಬಿದ್ದನೆಂದು ಅಶ್ವಮೇಧಿಕಪರ್ವವು ಆರಂಭದಲ್ಲಿಯೇ ಹೇಳುತ್ತದೆ. ಆಗ ಧೃತರಾಷ್ಟ್ರನೂ ಶ್ರೀಕೃಷ್ಣನೂ ವೇದವ್ಯಾಸರೂ ಮತ್ತೊಮ್ಮೆ ಸಂತೈಸಿದರು. ಹಿಂದೆಯೇ ಹೇಳಿಯಾಗಿದೆಯಲ್ಲಾ ಎಂದು ಅವರು ಅವನನ್ನು ಬಿಟ್ಟುಬಿಡಲಿಲ್ಲ. ವರ್ಷ ಕಳೆದ ಮೇಲೂ ಕಣ್ಣೀರು ಬಂದರೆ ಅದು ಜ್ಞಾನದ ಕೊರತೆಯೆಂದು ಯಾರೂ ನಾಚಬೇಕಾಗಿಲ್ಲ.

ಸುಗ್ರೀವನ ಪರಿತಾಪ

ಒಡಹುಟ್ಟಿದವರಲ್ಲಿ ಜಗಳವಿಲ್ಲದ ಮನೆಯಿಲ್ಲ. ಆಸ್ತಿಯ ಭಾಗ, ತಾಯಿಯ ಒಡವೆ, ಮದುವೆಯಲ್ಲಿ ಕರೆಯದೆ ಹೋದದ್ದು, ಹೀಗೆ ಏನೋ ಒಂದು ಕಾರಣದಿಂದ ಮಾತು ನಿಂತಿರುತ್ತದೆ. ಮುಂದೆಂದಾದರೂ ಸರಿಪಡಿಸಿಕೊಂಡರಾಯಿತೆಂದು ಇಬ್ಬರೂ ತಿಳಿದಿರುತ್ತಾರೆ. ಆ ಮುಂದು ಬರುವುದರೊಳಗೆ ಒಬ್ಬನು ಹೊರಟುಹೋದರೆ ಉಳಿದವನ ಸಂಕಟವು ಹೇಳತೀರದು.

ರಾಮಾಯಣದ ಕಿಷ್ಕಿಂಧಾಕಾಂಡದಲ್ಲಿ ಸುಗ್ರೀವನ ಸ್ಥಿತಿ ಇದೇ. ವಾಲಿಯು ಬೀಳಬೇಕೆಂದು ಬೇಡಿದವನು ಅವನೇ. ಆದರೆ ವಾಲಿಯು ಬಿದ್ದಾಗ ಅವನು ತಾನೂ ಬದುಕಲಾರೆನೆಂದು ಶ್ರೀರಾಮನ ಮುಂದೆ ರೋದಿಸುತ್ತಾನೆ. ಹಿಂದೆ ವಾಲಿಯು ತನ್ನನ್ನು ಮರದ ಕೊಂಬೆಯಿಂದ ಹೊಡೆದು, ತಾನು ನರಳುತ್ತಿದ್ದಾಗ ಸಮಾಧಾನ ಹೇಳಿ, ಇನ್ನು ಹೀಗೆ ಮಾಡಬೇಡವೆಂದು ಕಳುಹಿಸಿದ್ದನು. ಕೊಲ್ಲುವ ಶಕ್ತಿಯಿದ್ದರೂ ಕೊಲ್ಲಲಿಲ್ಲ. ಅಣ್ಣನು ಅಣ್ಣತನವನ್ನು ಉಳಿಸಿಕೊಂಡನು, ತಾನು ಕೋಪವನ್ನೂ ಕಪಿತನವನ್ನೂ ತೋರಿದೆನು ಎಂದು ಹಲುಬುತ್ತಾನೆ. ವೈರದ ಕಾಲದಲ್ಲಿ ಮರೆತುಹೋಗಿದ್ದ ಒಳ್ಳೆಯದು ಮರಣದ ಕಾಲದಲ್ಲಿ ಒಮ್ಮೆಗೇ ನೆನಪಿಗೆ ಬರುತ್ತದೆ. ಪ್ರಾಣೋತ್ಕ್ರಮಣಕ್ಕೆ ಮುನ್ನ ವಾಲಿಯು ತನ್ನ ಕಾಂಚನಮಾಲೆಯನ್ನು ತಮ್ಮನಿಗೆ ಕೊಟ್ಟು, ಅಂಗದನನ್ನು ಅವನ ಕೈಗೆ ಒಪ್ಪಿಸಿದ್ದನು.

ನಿರ್ದೋಷನಾದ ಶ್ರೀರಾಮಚಂದ್ರನು ಸುಗ್ರೀವನಿಗೆ ಹೇಳಿದ್ದೇನು? ಸತ್ತವರಿಗೆ ಶೋಕದಿಂದ ಶ್ರೇಯಸ್ಸಿಲ್ಲ, ಈಗ ಮಾಡಬೇಕಾದ ಕಾರ್ಯವನ್ನು ಮಾಡು ಎಂದನು. ಸುಗ್ರೀವನು ಅಂಗದನನ್ನು ಮುಂದಿಟ್ಟುಕೊಂಡು ಅಣ್ಣನ ಸಂಸ್ಕಾರವನ್ನು ನಡೆಸಿದನು. ಅಂಗದನೇ ಮುಂದೆ ಯುವರಾಜನಾದನು. ಸಂಧಿಯಾಗದ ಜಗಳಕ್ಕೆ ಶಾಸ್ತ್ರವು ತೋರುವ ಪರಿಹಾರ ಇದು. ಸತ್ತವನೊಡನೆ ಮಾತನಾಡಲು ಸಾಧ್ಯವಿಲ್ಲ. ಅವನು ಪ್ರೀತಿಸಿದವರೊಡನೆ ಮಾತನಾಡಲು ಸಾಧ್ಯವಿದೆ. ತಮ್ಮನ ಮಕ್ಕಳ ಉಪನಯನಕ್ಕೆ ನಿಲ್ಲುವುದು, ಅವರ ವಿದ್ಯಾಭ್ಯಾಸವನ್ನು ನೋಡಿಕೊಳ್ಳುವುದು, ನ್ಯಾಯಾಲಯದಲ್ಲಿರುವ ಭಾಗದ ವ್ಯಾಜ್ಯವನ್ನು ನ್ಯಾಯವಾಗಿ ಮುಗಿಸುವುದು, ಇವೆಲ್ಲ ಅವನಿಗೆ ಹೇಳಲಾಗದೆ ಉಳಿದ ಮಾತಿನ ಸ್ಥಾನದಲ್ಲಿ ನಿಲ್ಲುತ್ತವೆ.

ಹಿರಣ್ಯಕಶಿಪುವಿನ ದಾರಿ

ಭಾಗವತದ 7ನೆಯ ಸ್ಕಂಧದ 2ನೆಯ ಅಧ್ಯಾಯವನ್ನು ನಾವು ಪ್ರಹ್ಲಾದಚರಿತ್ರೆಯ ಪೀಠಿಕೆಯೆಂದು ಬೇಗನೆ ಓದಿ ಮುಗಿಸುತ್ತೇವೆ. ಅಲ್ಲಿಯೂ ಇರುವುದು ಸೋದರಶೋಕವೇ. ವರಾಹರೂಪಿಯಾದ ಶ್ರೀಹರಿಯಿಂದ ಹಿರಣ್ಯಾಕ್ಷನು ಹತನಾದ ಮೇಲೆ ಹಿರಣ್ಯಕಶಿಪುವು ಅಣ್ಣತಮ್ಮಂದಿರಿಗೆ ಉಚಿತವಾದ ಉತ್ತರಕ್ರಿಯೆಗಳನ್ನು ಮಾಡಿ, ತಾಯಿಯಾದ ದಿತಿಯನ್ನೂ ಸೋದರನ ಪತ್ನೀಪುತ್ರರನ್ನೂ ಸಂತೈಸುತ್ತಾನೆ. ಜೀವನು ನಿತ್ಯ, ದೇಹವು ಅನಿತ್ಯ ಎಂದು ಬೋಧಿಸಿ, ಸುಯಜ್ಞನೆಂಬ ರಾಜನು ಸತ್ತಾಗ ಅವನ ಪತ್ನಿಯರಿಗೆ ಯಮನು ಬಾಲಕನ ರೂಪದಲ್ಲಿ ಬಂದು ಉಪದೇಶಿಸಿದ ಕಥೆಯನ್ನೂ ಹೇಳುತ್ತಾನೆ. ಆ ಉಪದೇಶದ ಮಾತುಗಳಲ್ಲಿ ದೋಷವಿಲ್ಲ. ಕೇಳಿದವರು ಶೋಕವನ್ನು ಬಿಟ್ಟರು.

ಹೇಳಿದವನು ಮಾತ್ರ ಬಿಡಲಿಲ್ಲ. ಇತರರಿಗೆ ವೇದಾಂತವನ್ನು ಹೇಳಿದ ಅವನೊಳಗೆ ದ್ವೇಷವು ಉರಿಯುತ್ತಲೇ ಇತ್ತು. ಯಜ್ಞದಾನಗಳನ್ನು ಕೆಡಿಸಲು ಅನುಚರರನ್ನು ಕಳುಹಿಸಿದನು, ತಾನು ಅಜರಾಮರನಾಗಬೇಕೆಂದು ಘೋರ ತಪಸ್ಸಿಗೆ ನಿಂತನು, ಕೊನೆಗೆ ಸ್ವಂತ ಮಗನನ್ನೇ ಹಿಂಸಿಸುವವರೆಗೆ ಹೋದನು. ಅಸುರಸ್ವಭಾವವು ಅವನಿಗೆ ಸಹಜವೆಂಬುದು ನಿಜ. ಆದರೆ ಈ ಪ್ರಸಂಗದಲ್ಲಿ ಗೃಹಸ್ಥರಾದ ನಮಗೂ ಒಂದು ಎಚ್ಚರಿಕೆಯಿದೆ. ಮನೆಯವರೆಲ್ಲರಿಗೂ ಧೈರ್ಯ ಹೇಳುತ್ತ, ಓಡಾಡುತ್ತ, ಹಣ ಹೊಂದಿಸುತ್ತ, ಒಮ್ಮೆಯೂ ಅಳದೆ ಇರುವ ಸೋದರನನ್ನು ಕಂಡು, ಇವನು ಗಟ್ಟಿ ಎಂದು ಸಮಾಧಾನಪಡಬಾರದು. ಒಳಗೆ ಅದು ದೇವರ ಮೇಲಣ ಸಿಟ್ಟಾಗಿಯೋ, ಮಕ್ಕಳ ಮೇಲಣ ಕ್ರೌರ್ಯವಾಗಿಯೋ ಬೆಳೆಯುತ್ತಿರಬಹುದು.

ಕಥೆ ಹೇಳುವುದೂ ಒಂದು ವಿಧಿ

ಯಾಜ್ಞವಲ್ಕ್ಯಸ್ಮೃತಿಯ 3ನೆಯದಾದ ಪ್ರಾಯಶ್ಚಿತ್ತಾಧ್ಯಾಯದ ಮೊದಲ ಭಾಗದಲ್ಲಿ ಅಶೌಚಪ್ರಕರಣವಿದೆ. ಉದಕದಾನ ಮುಗಿಸಿ, ಸ್ನಾನ ಮಾಡಿ, ನೀರಿನಿಂದ ಮೇಲೆ ಬಂದ ಬಂಧುಗಳನ್ನು ಮೃದುವಾದ ಹುಲ್ಲಿನ ಮೇಲೆ ಕುಳ್ಳಿರಿಸಿ, ಹಿರಿಯರು ಪುರಾತನ ಇತಿಹಾಸಗಳನ್ನು ಹೇಳಿ ಅವರ ಶೋಕವನ್ನು ಕಳೆಯಬೇಕೆಂದು ಅಲ್ಲಿ ವಿಧಿಸಲಾಗಿದೆ. ಆಮೇಲೆ ಬಾಲಕರನ್ನು ಮುಂದಿಟ್ಟುಕೊಂಡು ಮನೆಗೆ ಬಂದು, ಬಾಗಿಲಲ್ಲಿ ಬೇವಿನ ಎಲೆಯನ್ನು ಅಗಿದು ಒಳಗೆ ಹೋಗಬೇಕು. ಬಂಧುಗಳ ಕಣ್ಣೀರು ಪ್ರೇತಕ್ಕೆ ಹಿತವಲ್ಲ, ಆದುದರಿಂದ ಅಳದೆ ಕ್ರಿಯೆಗಳನ್ನು ಮಾಡಬೇಕು ಎಂಬ ಮಾತು ಇದೇ ಪ್ರಕರಣದಲ್ಲಿದೆ. ಇಂದು ನಮ್ಮವರಿಗೆ ಇದೊಂದು ಮಾತು ಮಾತ್ರ ನೆನಪಿದೆ. ಅದಕ್ಕೆ ಮುಂಚೆ ಹೇಳಿದ ಮೆತ್ತನೆಯ ಹುಲ್ಲೂ ಇತಿಹಾಸಕಥನವೂ ಮರೆತುಹೋಗಿವೆ. ಮೊದಲು ಕುಳ್ಳಿರಿಸಬೇಕು, ಬಳಿಕ ಹೇಳಬೇಕು, ಕೊನೆಗೆ ಕಣ್ಣೊರೆಸಿಕೋ ಎನ್ನಬೇಕು. ಈ ಕ್ರಮವನ್ನು ತಪ್ಪಿಸಿದರೆ ಉಪದೇಶವು ಗದರಿಕೆಯಾಗುತ್ತದೆ.

ಆಯುರ್ವೇದದ ವಿವೇಚನೆಯೂ ಇದಕ್ಕೆ ಅನುಕೂಲವಾಗಿದೆ. ಚರಕಸಂಹಿತೆಯ ಸೂತ್ರಸ್ಥಾನದ 7ನೆಯ ಅಧ್ಯಾಯದಲ್ಲಿ, ತಡೆಯಬಾರದ ವೇಗಗಳ ಪಟ್ಟಿಯಲ್ಲಿ ಹಸಿವು, ಬಾಯಾರಿಕೆ, ನಿದ್ರೆಗಳೊಡನೆ ಕಣ್ಣೀರೂ ಸೇರಿದೆ. ಕಣ್ಣೀರನ್ನು ತಡೆದರೆ ನೆಗಡಿ, ಕಣ್ಣಿನ ರೋಗ, ಹೃದಯದ ರೋಗ, ಅರುಚಿ, ತಲೆಸುತ್ತು ಉಂಟಾಗುವುವೆಂದು ಹೇಳಿದೆ. ಅದೇ ಅಧ್ಯಾಯದಲ್ಲಿ ಲೋಭ, ಭಯ, ಕ್ರೋಧಗಳೊಡನೆ ಶೋಕವನ್ನು ತಡೆಯಬೇಕಾದ ವೇಗಗಳಲ್ಲಿ ಎಣಿಸಿದ್ದಾರೆ. ಎಷ್ಟು ಸೂಕ್ಷ್ಮವಾದ ಭೇದ! ಕಣ್ಣೀರು ಹರಿಯಲಿ, ಶೋಕವು ಬುದ್ಧಿಯನ್ನು ಆಳದಿರಲಿ ಎಂಬುದು ಇದರ ತಾತ್ಪರ್ಯ.

ನಾನು ಅರ್ಚಕರ ಮಗ. ಸಂಜೆಯ ಹೊತ್ತು ದೇವಸ್ಥಾನದ ಜಗಲಿಯಲ್ಲಿ ತಂದೆಯವರ ಬಳಿ ಜನರು ಬಂದು ಕೇಳುವ ಪ್ರಶ್ನೆಗಳನ್ನು ಚಿಕ್ಕಂದಿನಿಂದ ಕೇಳುತ್ತ ಬಂದಿದ್ದೇನೆ. ಒಮ್ಮೆ ತಮ್ಮನ ವೈಕುಂಠ ಸಮಾರಾಧನೆಯನ್ನು ಮುಗಿಸಿಕೊಂಡು ಮಧ್ಯವಯಸ್ಸಿನ ಗೃಹಿಣಿಯೊಬ್ಬರು ಬಂದರು. ಅವರ ತಮ್ಮನು ಯಾವ ರೋಗವೂ ಇಲ್ಲದೆ, ಹೃದಯಸ್ತಂಭನದಿಂದ ಒಂದೇ ರಾತ್ರಿಯಲ್ಲಿ ಹೋಗಿದ್ದನು. ಹದಿಮೂರು ದಿನವೂ ಅಡುಗೆಮನೆಯ ಕೆಲಸವನ್ನೆಲ್ಲ ನೋಡಿಕೊಂಡವರು ಆಕೆಯೇ. "ಆಚಾರ್ಯರೇ, ಅಮ್ಮ ಅಳುತ್ತಾಳೆ, ಅವನ ಹೆಂಡತಿ ಅಳುತ್ತಾಳೆ. ನನ್ನ ಮೈಲಿಗೆ ಎಂದೋ ಕಳೆಯಿತು. ನಾಳೆ ಬೆಳಗ್ಗೆ ಊರಿಗೆ ಹೊರಡಬೇಕು. ನಾನು ಯಾವಾಗ ಅಳಲಿ?" ಎಂದು ಕೇಳಿದರು. ನಮ್ಮ ತಂದೆಯವರು ಯಾವ ಶ್ಲೋಕವನ್ನೂ ಹೇಳಲಿಲ್ಲ. "ಕುಳಿತುಕೋ ತಾಯಿ. ನಿನ್ನ ತಮ್ಮ ಚಿಕ್ಕವನಿದ್ದಾಗ ಹೇಗಿದ್ದ, ಹೇಳು" ಎಂದರು. ರಾತ್ರಿಪೂಜೆಯ ಗಂಟೆಯಾಗುವವರೆಗೂ ಆಕೆ ಹೇಳಿದರು. ನಡುವೆ ಒಮ್ಮೆ ನಕ್ಕರು, ಬಹಳ ಅತ್ತರು. ತೀರ್ಥ ತೆಗೆದುಕೊಂಡು ಹೊರಡುವಾಗ ಅವರ ಮುಖವು ಬಂದಾಗಿನಂತೆ ಇರಲಿಲ್ಲ. ಶಾಸ್ತ್ರವು ಹೇಳುವ ಮೆತ್ತನೆಯ ಹುಲ್ಲು ಎಂದರೆ ಇಂಥ ಜಗಲಿಯೇ ಎಂದು ನಾನು ತಿಳಿದಿದ್ದೇನೆ.

ಹಬ್ಬದ ದಿನಗಳಲ್ಲಿ

ನಮ್ಮ ಹಬ್ಬಗಳಲ್ಲಿ ಸೋದರಸಂಬಂಧಕ್ಕೆ ಮೀಸಲಾದ ದಿನಗಳಿವೆ. ಆಷಾಢದ ಭೀಮನ ಅಮಾವಾಸ್ಯೆಯಂದು ಹಲವು ಮನೆಗಳಲ್ಲಿ ಸೋದರನು ಹೊಸ್ತಿಲ ಮೇಲೆ ಕುಳಿತು ಮೊಣಕೈಯಿಂದ ಭಂಡಾರವನ್ನು ಒಡೆಯುತ್ತಾನೆ. ಶ್ರಾವಣದ ನಾಗರಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ. ಕಾರ್ತಿಕ ಶುದ್ಧ ಬಿದಿಗೆಯು ಯಮದ್ವಿತೀಯಾ. ಯಮನು ಸೋದರಿಯಾದ ಯಮುನೆಯ ಮನೆಯಲ್ಲಿ ಉಂಡ ದಿನವೆಂದು ಅಂದು ಸೋದರರು ಸೋದರಿಯ ಕೈಯಿಂದ ಊಟ ಮಾಡುತ್ತಾರೆ. ಸೋದರನನ್ನು ಕಳೆದುಕೊಂಡವಳಿಗೆ ವರ್ಷದಲ್ಲಿ ಅತ್ಯಂತ ಕಠಿಣವಾದ ದಿನಗಳು ಇವೇ. ಶ್ರಾದ್ಧದ ತಿಥಿಯಂದು ಜೊತೆಗೆ ನಾಲ್ವರಿರುತ್ತಾರೆ. ಈ ದಿನಗಳಲ್ಲಿ ಅವಳು ಒಬ್ಬಳೇ ನೆನೆಯುತ್ತಿರುತ್ತಾಳೆ. ಅಂದು ಚಿಕ್ಕಪ್ಪನ ಅಥವಾ ದೊಡ್ಡಪ್ಪನ ಮಗನು ಅವಳ ಮನೆಗೆ ಹೋಗಿ ಉಂಡು ಬಂದರೆ, ಅಥವಾ ಅಗಲಿದ ತಮ್ಮನ ಮಗನನ್ನೇ ಕರೆದೊಯ್ದು ಕೂಡಿಸಿದರೆ ಅದಕ್ಕಿಂತ ದೊಡ್ಡ ಸಮಾಧಾನವಿಲ್ಲ.

ಮಹಾಲಯಪಕ್ಷದ ತರ್ಪಣದಲ್ಲಿ ಪಿತೃಪಿತಾಮಹರೊಡನೆ ಸೋದರ ಸೋದರಿಯರ ಹೆಸರನ್ನೂ ಗೋತ್ರಸಹಿತವಾಗಿ ಹೇಳಿ ತಿಲೋದಕವನ್ನು ಕೊಡುವ ಕ್ರಮವಿದೆ. ಇದನ್ನು ಅವಸರದಲ್ಲಿ ಮುಗಿಸದೆ ಆ ಹೆಸರಿನ ಬಳಿ ಒಂದು ಕ್ಷಣ ನಿಲ್ಲಬೇಕು. ತಂದೆ ಜೀವಿಸಿರುವವನಿಗೆ ಸಾಮಾನ್ಯವಾಗಿ ಈ ತರ್ಪಣದ ಅಧಿಕಾರವಿಲ್ಲ. ಅಂಥವನೂ ವಿವಾಹಿತ ಸೋದರಿಯೂ ಅಗಲಿದವರ ಹೆಸರಿನಲ್ಲಿ ಅನ್ನದಾನವನ್ನೋ, ಬಡ ವಿದ್ಯಾರ್ಥಿಗೆ ಪುಸ್ತಕವನ್ನೋ ಕೊಡಬಹುದು. ವಿಷ್ಣುಸಹಸ್ರನಾಮದ ಪಾರಾಯಣವನ್ನು ಮಾಡಿ ಶ್ರೀಹರಿಗೆ ಅರ್ಪಿಸಬಹುದು. ಅಶೌಚಾದಿಗಳ ನಿರ್ಣಯವನ್ನು ಅವರವರ ಪುರೋಹಿತರಿಂದ ತಿಳಿಯತಕ್ಕದ್ದು.

ಸಿದ್ಧಾಂತದ ಧೈರ್ಯ

ಶ್ರೀಮದಾಚಾರ್ಯರ ಅವತಾರವಾದ ಮನೆಯೂ ಇಂಥ ದುಃಖವನ್ನು ಕಂಡ ಮನೆಯೇ. ಮಧ್ಯಗೇಹಭಟ್ಟ ದಂಪತಿಗಳು ಮೊದಲು ಹುಟ್ಟಿದ ಇಬ್ಬರು ಗಂಡುಮಕ್ಕಳನ್ನು ಕಳೆದುಕೊಂಡು, ಉಡುಪಿಯ ಅನಂತೇಶ್ವರನನ್ನು 12 ವರ್ಷ ಸೇವಿಸಿದರೆಂದು ನಾರಾಯಣ ಪಂಡಿತಾಚಾರ್ಯರ ಸುಮಧ್ವವಿಜಯವು ತಿಳಿಸುತ್ತದೆ. 13ನೆಯ ಶತಮಾನದಲ್ಲಿ ಅವತರಿಸಿದ ವಾಸುದೇವನು ಸನ್ಯಾಸಕ್ಕೆ ಹೊರಟಾಗ, ತಂದೆತಾಯಿಗಳಿಗೆ ಇನ್ನೊಬ್ಬ ಮಗನು ಹುಟ್ಟುವವರೆಗೆ ಕಾದನು. ಮಕ್ಕಳನ್ನು ಕಳೆದುಕೊಂಡ ಮನೆಯಲ್ಲಿ ಉಳಿದ ಮಗುವಿನ ಮೇಲೆ ಎಷ್ಟು ಭಾರವಿರುತ್ತದೆಂಬುದಕ್ಕೆ ಇದು ನಿದರ್ಶನ. ಉಳಿದ ಮಗನೋ ಮಗಳೋ ಹೋದವರ ಸ್ಥಾನವನ್ನೂ ತುಂಬಬೇಕೆಂದು ತಂದೆತಾಯಿಗಳು ಅಪೇಕ್ಷಿಸಬಾರದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅಣ್ಣನು ಊರಿಗೆ ಹೋಗಿದ್ದಾನೆ ಎಂದು ಸುಳ್ಳು ಹೇಳಬಾರದು. ನಿನ್ನೆ ತಾನು ಜಗಳವಾಡಿದ್ದರಿಂದಲೇ ಅಣ್ಣ ಸತ್ತನೆಂದು ಮಗುವು ಒಳಗೇ ತಿಳಿದಿರಬಹುದು. ಹಾಗಲ್ಲವೆಂದು ತೊಡೆಯ ಮೇಲೆ ಕೂರಿಸಿಕೊಂಡು ಹೇಳಬೇಕು. ಊಟ ನಿದ್ರೆಗಳು ಬಹುದಿನ ಕೆಟ್ಟಿದ್ದರೆ, ಬದುಕೇ ಬೇಡವೆಂಬ ಮಾತು ಬಂದರೆ, ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಜೀವರು ಪರಸ್ಪರ ಭಿನ್ನರು, ಎಲ್ಲರೂ ಶ್ರೀಹರಿಯ ಅಧೀನರು ಎಂಬುದು ನಮ್ಮ ಸಿದ್ಧಾಂತ. ಪರೀಕ್ಷೆಗಾಗಿ ಇದನ್ನು ಬಾಯಿಪಾಠ ಮಾಡಿದವರಿಗೆ ಇದರ ಬೆಲೆ ಶೋಕಕಾಲದಲ್ಲಿ ತಿಳಿಯುತ್ತದೆ. ಅಗಲಿದವನು ಎಲ್ಲಿಯೋ ಕರಗಿ ಇಲ್ಲವಾಗಲಿಲ್ಲ. ಮುಕ್ತಿಯಲ್ಲಿಯೂ ಜೀವನು ತನ್ನ ಸ್ವರೂಪವನ್ನು ಕಳೆದುಕೊಳ್ಳುವುದಿಲ್ಲ. ದೇಹದಿಂದ ಬಂದ ಅಣ್ಣತಮ್ಮಂದಿರ ಸಂಬಂಧವು ದೇಹದೊಡನೆ ಮುಗಿದರೂ, ಆ ಜೀವನು ಇದ್ದಾನೆ. ಅವನನ್ನು ನಮಗಿಂತ ಚೆನ್ನಾಗಿ ಬಲ್ಲ ಸ್ವಾಮಿಯ ವಶದಲ್ಲಿ ಇದ್ದಾನೆ. ಇದನ್ನು ಶೋಕಗ್ರಸ್ತರಿಗೆ ಮೊದಲ ದಿನವೇ ಹೇಳಬೇಕಾಗಿಲ್ಲ. ನಾರದರಂತೆ ಮೊದಲು ಅಗಲಿದವನ ಕಥೆಯನ್ನು ಕೇಳೋಣ, ತಿಳಿದಷ್ಟನ್ನು ಹೇಳೋಣ. ಮುಂದಿನ ಬಾರಿ ಸಾವಿನ ಮನೆಗೆ ಹೋದಾಗ ತಾಯಿಗೆ ಸಮಾಧಾನ ಹೇಳಿದ ಮೇಲೆ, ಬಾಗಿಲ ಬಳಿ ನಿಂತಿರುವ ಒಡಹುಟ್ಟಿದವರನ್ನೂ ಕರೆದು ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳೋಣ.

ಶ್ರೀಕೃಷ್ಣಾರ್ಪಣಮಸ್ತು.